ಸಿರುಗುಪ್ಪದಿಂದ ಕ್ಲಾಟ್‌ಗೆ: ಕಾನೂನು ಬರಬೇಕಿಲ್ಲ, ಓದೋಕೆ ಬರಬೇಕು

ಲಾ ಸ್ಕೂಲ್ ಪ್ರವೇಶ ಪರೀಕ್ಷೆ, ಅಂದ್ರೆ ಕ್ಲಾಟ್ ಬಗ್ಗೆ ಮಾತಾಡಿ ಅಂತ ಕೇಳಿದ್ರು, ಒಪ್ಪಿಕೊಂಡೆ. ಮೊದಲೇ ಹೇಳಿಬಿಡ್ತೀನಿ, ನಾನು ಕೋಚಿಂಗ್ ಸೆಂಟರ್‌ನವಳಲ್ಲ. ಸಿರುಗುಪ್ಪದ ಕೋರ್ಟ್‌ನಲ್ಲಿ ವಕೀಲಿ ಮಾಡ್ತೀನಿ. ಬಳ್ಳಾರಿಯಲ್ಲಿ ಐದು ವರ್ಷದ ಬಿಎ ಎಲ್‌ಎಲ್‌ಬಿ ಮುಗಿಸಿದವಳು. ನಾನು ಪಿಯುಸಿ ಮುಗಿಸಿದಾಗ ಕ್ಲಾಟ್ ಅನ್ನೋ ಹೆಸರನ್ನೇ ನಮ್ಮ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಈಗ ಎರಡು ವರ್ಷದಿಂದ ಭಾನುವಾರ ಬೆಳಿಗ್ಗೆ ನನ್ನ ಆಫೀಸಿನಲ್ಲಿ ಐದಾರು ಮಕ್ಕಳ ಜೊತೆ ಕೂತು ಆ ಪರೀಕ್ಷೆಗೆ ಓದಿಸ್ತೀನಿ. ಆಫೀಸು ಅಂದ್ರೆ ದೊಡ್ಡದೇನಲ್ಲ, ಒಂದು ಟೇಬಲ್ಲು, ಒಂದು ಕಪಾಟು, ಆರು ಪ್ಲಾಸ್ಟಿಕ್ ಕುರ್ಚಿ.

ಮೊದಲು ಪರೀಕ್ಷೆ ಏನು ಅಂತ ಚಿಕ್ಕದಾಗಿ ಹೇಳ್ತೀನಿ. ಬೆಂಗಳೂರಿನ ನಾಗರಭಾವಿಯಲ್ಲಿರೋ ನ್ಯಾಷನಲ್ ಲಾ ಸ್ಕೂಲ್ ಗೊತ್ತಲ್ಲ, ಅಂಥ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ದೇಶದಲ್ಲಿ 20ಕ್ಕೂ ಹೆಚ್ಚಿವೆ. ಪಿಯುಸಿ ಆದಮೇಲೆ ಅಲ್ಲಿ ಐದು ವರ್ಷದ ಕೋರ್ಸ್ ಸೇರೋಕೆ ಬರೆಯೋ ಪರೀಕ್ಷೆಯೇ ಕ್ಲಾಟ್. 2008ರಲ್ಲಿ ಶುರುವಾಯಿತು. ಅದಕ್ಕೂ ಮೊದಲು ಒಂದೊಂದು ಕಡೆ ಒಂದೊಂದು ಪರೀಕ್ಷೆ ಬರೀಬೇಕಿತ್ತು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಮಾತ್ರ ಈಗಲೂ ತನ್ನದೇ ಬೇರೆ ಪರೀಕ್ಷೆ ಮಾಡುತ್ತೆ. ಕ್ಲಾಟ್‌ನಲ್ಲಿ 120 ಪ್ರಶ್ನೆ, 120 ಅಂಕ, ಎರಡು ಗಂಟೆ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತೆ. ಕಂಪ್ಯೂಟರ್ ಇಲ್ಲ, ಪೆನ್ನು ಮತ್ತು ಓಎಂಆರ್ ಶೀಟು. ಪಿಯುಸಿಯಲ್ಲಿ ಶೇ 45 ಇದ್ದರೆ ಸಾಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40. ಸೈನ್ಸೇ ಆಗಿರಬೇಕು ಅಂತಿಲ್ಲ. ಆರ್ಟ್ಸ್, ಕಾಮರ್ಸ್‌ನವರು ಇದನ್ನ ಎರಡು ಸಲ ಕೇಳಿಸಿಕೊಳ್ಳಿ, ಯಾಕಂದ್ರೆ ಪಿಯುಸಿ ಮುಗಿದ ಕೂಡಲೇ ಆರ್ಟ್ಸ್ ಮಕ್ಕಳಿಗೆ ಡಿ.ಇಡಿ ಮಾಡು, ಬಿಎ ಮಾಡು ಅನ್ನೋದು ಬಿಟ್ಟರೆ ನಮ್ಮೂರಲ್ಲಿ ಯಾರೂ ಬೇರೆ ಹೇಳಲ್ಲ.

ಇನ್ನು ಅಸಲಿ ವಿಷಯ. ಮಕ್ಕಳು ಮೊದಲ ದಿನ ಬಂದಾಗ ಕೇಳೋದು ಒಂದೇ, "ಅಕ್ಕಾ, ಐಪಿಸಿ ಸೆಕ್ಷನ್ ಎಷ್ಟು ಬಾಯಿಪಾಠ ಮಾಡಬೇಕು?" ಒಂದೂ ಬೇಡ. ಐಪಿಸಿಯೇ ಈಗಿಲ್ಲ ಬಿಡಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದೂ ಬಾಯಿಪಾಠ ಬೇಡ. 2020ರಿಂದ ಈ ಪರೀಕ್ಷೆ ಪೂರಾ ಬದಲಾಯಿತು. ಪ್ರತಿ ಪ್ರಶ್ನೆಯೂ ಒಂದು ಪ್ಯಾಸೇಜ್ ಕೊಟ್ಟು ಅದರ ಮೇಲೆ ಬರುತ್ತೆ. ಒಂದೊಂದು ಪ್ಯಾಸೇಜ್ ಸುಮಾರು 450 ಪದ. ನೀವೇ ಲೆಕ್ಕ ಹಾಕಿ, ಒಂದು ಪ್ಯಾಸೇಜ್‌ಗೆ ಐದಾರು ಪ್ರಶ್ನೆ ಅಂದ್ರೆ 20ಕ್ಕೂ ಹೆಚ್ಚು ಪ್ಯಾಸೇಜ್, ಹತ್ತತ್ರ ಹತ್ತು ಸಾವಿರ ಪದ. ಅದಾದ ಮೇಲೆ ಪ್ರಶ್ನೆ ಓದಬೇಕು, ನಾಲ್ಕು ಆಯ್ಕೆ ಓದಬೇಕು, ಯೋಚನೆ ಮಾಡಬೇಕು, ಗುಂಡು ಕಪ್ಪು ಮಾಡಬೇಕು. ಎಲ್ಲ 120 ನಿಮಿಷದೊಳಗೆ. ಹಾಗಾಗಿ 2019ಕ್ಕೂ ಹಿಂದಿನ ಗೈಡು, ಅಣ್ಣಂದಿರು ಕೊಟ್ಟ ಹಳೇ ನೋಟ್ಸು ಇದ್ದರೆ ಅವನ್ನು ನೆಚ್ಚಿಕೊಂಡು ಕೂರಬೇಡಿ.

ಅದೆಲ್ಲ ಇಂಗ್ಲಿಷಿನಲ್ಲೇ. ಇಲ್ಲಿ ನಾನು ಸಿಹಿ ಮಾತಾಡಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಇದು ದೊಡ್ಡ ಗೋಡೆ. 2023ರಲ್ಲಿ ಒಬ್ಬ ಕಾನೂನು ವಿದ್ಯಾರ್ಥಿ ದೆಹಲಿ ಹೈಕೋರ್ಟ್‌ಗೆ ಹೋಗಿ, ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಕ್ಲಾಟ್ ನಡೆಸಿ ಅಂತ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಬಾರ್ ಕೌನ್ಸಿಲ್ ಕೂಡ ಬೆಂಬಲ ಕೊಟ್ಟಿತು. ಕನ್ನಡವೂ ಆ ಪಟ್ಟಿಯಲ್ಲಿದೆ. ಆದರೆ ಇವತ್ತಿಗೆ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೇ ಬರುತ್ತೆ, ನೀವು ತಯಾರಾಗಬೇಕಿರೋದು ಅದಕ್ಕೇ. ಈ ಪರೀಕ್ಷೆ ಕನ್ನಡದಲ್ಲೂ ಇರಬೇಕು ಅನ್ನೋದು ನನ್ನ ಅಭಿಪ್ರಾಯ. ನಮ್ಮ ತಾಲ್ಲೂಕು ಕೋರ್ಟ್‌ನಲ್ಲಿ ಸಾಕ್ಷಿ ಮಾತಾಡೋದು ಕನ್ನಡದಲ್ಲಿ, ಕಕ್ಷಿದಾರ ಅಳೋದು ಕನ್ನಡದಲ್ಲಿ, ಕೆಲವು ಸಲ ತೆಲುಗಿನಲ್ಲಿ. ಅವರ ಮಾತು ಅರ್ಥವಾಗದ ವಕೀಲರಿಗಿಂತ ಇಂಗ್ಲಿಷ್ ನಿಧಾನವಾಗಿ ಓದೋ ವಕೀಲರು ಎಷ್ಟೋ ವಾಸಿ. ಇರಲಿ, ಅದು ಬೇರೆ ಸಂಚಿಕೆಯ ಮಾತು.

ಹಾಗಾದ್ರೆ ಓದೋದನ್ನ ಹೇಗೆ ಕಲಿಯೋದು? ನಾವು ಮಾಡೋದು ಹೇಳ್ತೀನಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತಲ್ಲ, ಆ ವಾರ ನಮ್ಮೂರಲ್ಲಿ ಬೇರೆ ಮಾತೇ ಇರಲಿಲ್ಲ. ಸಿರುಗುಪ್ಪ ಅಂದ್ರೆ ಭತ್ತ, ಭತ್ತ ಅಂದ್ರೆ ಡ್ಯಾಮಿನ ನೀರು. ಮಕ್ಕಳಿಗೆ ಹೇಳಿದೆ, ಬೆಳಿಗ್ಗೆ ಕನ್ನಡ ಪೇಪರಿನಲ್ಲಿ ಈ ಸುದ್ದಿ ಓದಿ, ಆಮೇಲೆ ಅದೇ ಸುದ್ದಿಯನ್ನ ಇಂಗ್ಲಿಷ್ ಪೇಪರಿನಲ್ಲಿ ಮೊಬೈಲಲ್ಲಿ ಓದಿ. ಏನಾಗಿದೆ ಅಂತ ಮೊದಲೇ ಗೊತ್ತಿರೋದ್ರಿಂದ ಇಂಗ್ಲಿಷ್ ಓದುವಾಗ ಭಯ ಇರಲ್ಲ. ಗೊತ್ತಿಲ್ಲದ ಪದ ಬಂದರೂ ವಾಕ್ಯ ಕೈಬಿಡಲ್ಲ. ಹದಿನೈದು ದಿನ ಹೀಗೆ ಮಾಡಿದ ಮೇಲೆ ಆರ್ಡರ್ ಉಲ್ಟಾ, ಇಂಗ್ಲಿಷ್ ಮೊದಲು, ಕನ್ನಡ ಆಮೇಲೆ, ತಾಳೆ ನೋಡೋಕೆ.

ಆಮೇಲೆ ಒಂದೊಂದೇ ಪ್ರಶ್ನೆ ಕೇಳ್ತಾ ಹೋದೆ. ಡ್ಯಾಮು ನಡೆಸೋರು ಯಾರು? ರಾಜ್ಯ ಸರ್ಕಾರ ಅಂದ್ರು ಎಲ್ಲರೂ. ಅಲ್ಲ, ತುಂಗಭದ್ರಾ ಮಂಡಳಿ. ಯಾಕೆ ಮಂಡಳಿ? ನೀರು ಕರ್ನಾಟಕಕ್ಕೆ ಮಾತ್ರ ಸೇರಿದ್ದಲ್ಲ. ರಾಜ್ಯ ರಾಜ್ಯಗಳ ನಡುವೆ ನೀರಿನ ಜಗಳ ಬಂದರೆ ಸಂವಿಧಾನ ಏನು ಹೇಳುತ್ತೆ? 262ನೇ ವಿಧಿ. ಅದರ ಕೆಳಗೆ ಬಂದ ಕಾಯ್ದೆ 1956ರದ್ದು. ಒಂದು ಗೇಟಿನ ಸುದ್ದಿಯಿಂದ ಪ್ರಚಲಿತ ವಿದ್ಯಮಾನವೂ ಆಯ್ತು, ಸಂವಿಧಾನವೂ ಆಯ್ತು. ಪ್ರಚಲಿತ ವಿದ್ಯಮಾನಕ್ಕೇ 28ರಿಂದ 32 ಪ್ರಶ್ನೆ ಇರ್ತವೆ, ಅಂದ್ರೆ ಪತ್ರಿಕೆಯ ಕಾಲು ಭಾಗ. ಉಳಿದ ವಿಭಾಗದಲ್ಲಿ ಉತ್ತರ ಪ್ಯಾಸೇಜ್ ಒಳಗೇ ಇರುತ್ತೆ, ಇಲ್ಲಿ ಮಾತ್ರ ಹೊರಗಿನದು ನಿಮಗೆ ಗೊತ್ತಿರಬೇಕು. ಕೊನೇ ತಿಂಗಳಲ್ಲಿ ಪಿಡಿಎಫ್ ಇಳಿಸಿಕೊಂಡು ಮುಗಿಸೋ ಕೆಲಸ ಅಲ್ಲ ಅದು.

ಅಲ್ಲಿಂದ ಇಂಗ್ಲೆಂಡಿಗೆ ಹೋದ್ವಿ. ಒಬ್ಬ ಗಿರಣಿ ಮಾಲೀಕ ಗಿರಣಿಗೆ ನೀರು ಬೇಕು ಅಂತ ಒಂದು ಕೆರೆ ಕಟ್ಟಿಸಿದ. ಕೆರೆಯ ತಳದಲ್ಲಿ ಹಳೇ ಗಣಿಯ ಸುರಂಗಗಳಿದ್ದವು, ಮಾಲೀಕನಿಗೆ ಗೊತ್ತಿರಲಿಲ್ಲ. ನೀರು ತುಂಬಿಸಿದ ಮೇಲೆ ಒಡೆದು ಪಕ್ಕದವನ ಕಲ್ಲಿದ್ದಲು ಗಣಿಗೆ ನುಗ್ಗಿತು. ಮಾಲೀಕ ಸ್ವತಃ ಏನೂ ನಿರ್ಲಕ್ಷ್ಯ ಮಾಡಿರಲಿಲ್ಲ. ಆದರೂ ಪರಿಹಾರ ಕೊಡಬೇಕಾ? ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಅಂತ ಆ ಕೇಸು, 1868ರ ತೀರ್ಪು. ಕೊಡಬೇಕು ಅಂತ ಆಯ್ತು. ಅಪಾಯ ತರೋ ವಸ್ತುವನ್ನ ನಿನ್ನ ಜಾಗದಲ್ಲಿ ಕೂಡಿಟ್ಟುಕೊಂಡರೆ, ಅದು ತಪ್ಪಿಸಿಕೊಂಡು ಹೋಗಿ ಹಾನಿ ಮಾಡಿದರೆ ನೀನೇ ಹೊಣೆ. ಗಿರಣಿ, ನೀರು, ಗಣಿ, ಮೂರೂ ಬಳ್ಳಾರಿ ಜಿಲ್ಲೆಯವೇ ಅನ್ನೋ ಥರ ಇದೆ ನೋಡಿ. ಹುಡುಗರು ತಕ್ಷಣ ಹಿಡಕೊಂಡರು. ಮುಂದೆ 1985ರಲ್ಲಿ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿದಾಗ, ನಮ್ಮ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಪಾಯಕಾರಿ ಉದ್ಯಮ ನಡೆಸೋರಿಗೆ ದೈವೇಚ್ಛೆ ಅಂತಲೋ ಹೊರಗಿನವರ ಕೆಲಸ ಅಂತಲೋ ನೆಪ ಹೇಳೋ ದಾರಿಯೇ ಇಲ್ಲ ಅಂದಿತು. ಇದೆಲ್ಲ ನೆನಪಿಟ್ಟುಕೊಳ್ಳಿ ಅಂತ ಪರೀಕ್ಷೆ ಕೇಳಲ್ಲ, ನಿಯಮ ಪ್ಯಾಸೇಜ್‌ನಲ್ಲೇ ಬರೆದಿರುತ್ತೆ. ಆದರೆ ಒಂದು ಸಲ ಕಥೆಯ ಥರ ಕೇಳಿದ್ದರೆ ಓದೋ ವೇಗ ದುಪ್ಪಟ್ಟಾಗುತ್ತೆ.

ಈಗ ಲೀಗಲ್ ರೀಸನಿಂಗ್‌ನಲ್ಲಿ ಮಕ್ಕಳು ಎಲ್ಲಿ ಜಾರ್ತಾರೆ ಅನ್ನೋದಕ್ಕೆ ನಾನೇ ಮಾಡಿದ ಒಂದು ಪ್ರಶ್ನೆ. ನಿಯಮ ಹೀಗಿದೆ ಅಂದ್ಕೊಳ್ಳಿ: ಬೇರೆಯವರಿಗೆ ಅಪಾಯ ಆಗಬಹುದು ಅಂತ ಸಾಮಾನ್ಯ ತಿಳಿವಳಿಕೆಯ ಮನುಷ್ಯನಿಗೆ ಗೊತ್ತಾಗುವ ಕಡೆ ಎಚ್ಚರ ತಪ್ಪಿದರೆ ಅದು ನಿರ್ಲಕ್ಷ್ಯ, ಪರಿಹಾರ ಕೊಡಬೇಕು. ಪೆಟ್ಟು ತಿಂದವನ ನಿರ್ಲಕ್ಷ್ಯವೂ ಸೇರಿದ್ದರೆ ಪರಿಹಾರ ಆ ಪಾಲಿನಷ್ಟು ಕಡಿಮೆ. ಸಂಗತಿ ಏನಂದ್ರೆ, ಒಬ್ಬ ರೈತ ಅರ್ಧ ರಸ್ತೆ ಮೇಲೆ ಭತ್ತ ಒಣಗೋಕೆ ಹಾಕಿದ್ದಾನೆ. ಸುತ್ತ ಕಲ್ಲು ಇಟ್ಟಿದ್ದಾನೆ. ರಾತ್ರಿ ದೀಪ ಇಟ್ಟಿಲ್ಲ. ಹೆಡ್‌ಲೈಟ್ ಇಲ್ಲದ ಬೈಕಿನಲ್ಲಿ ಬಂದ ಒಬ್ಬ ಕಲ್ಲಿಗೆ ಹೊಡೆದು ಬಿದ್ದ. ರೈತ ಎಷ್ಟು ಕೊಡಬೇಕು?

ಐದು ಮಕ್ಕಳಲ್ಲಿ ಮೂವರು "ಏನೂ ಕೊಡಬೇಕಿಲ್ಲ" ಅಂದರು. ಯಾಕಪ್ಪಾ ಅಂದ್ರೆ, "ಅಕ್ಕಾ, ರೈತ ಮತ್ತೆಲ್ಲಿ ಒಣಗಿಸ್ಬೇಕು? ನಮ್ಮಪ್ಪನೂ ರಸ್ತಿ ಮ್ಯಾಲೇ ಹಾಕ್ತಾನ." ಮಾತು ನಿಜ. ಒಣಗಿಸೋಕೆ ಕಣ ಇಲ್ಲದ ರೈತರು ಎಷ್ಟು ಜನ ಇದ್ದಾರೆ ಅಂತ ನನಗೂ ಗೊತ್ತು. ಆದರೆ ಆ ನಿಯಮದಲ್ಲಿ ರೈತನಿಗೆ ಬೇರೆ ಜಾಗ ಇತ್ತಾ ಅನ್ನೋ ಮಾತೇ ಇಲ್ಲ. ದೀಪ ಇಡಲಿಲ್ಲ, ಹಾಗಾಗಿ ಹೊಣೆ ಇದೆ. ಬೈಕಿಗೆ ಹೆಡ್‌ಲೈಟ್ ಇಲ್ಲ, ಹಾಗಾಗಿ ಪರಿಹಾರ ಕಡಿಮೆ. ಪ್ರಶ್ನೆಪತ್ರಿಕೆ ಮಾಡೋರು ಇಂಥ ಆಯ್ಕೆಯನ್ನ ಬೇಕಂತಲೇ ಇಡ್ತಾರೆ. ಬದುಕಿನಲ್ಲಿ ನಿಜ, ಪ್ಯಾಸೇಜ್‌ನಲ್ಲಿ ಇಲ್ಲ. ಅದಕ್ಕೇ ಉತ್ತರ ಗುರುತು ಮಾಡೋ ಮುಂಚೆ, ಇದು ಯಾವ ಸಾಲಿನಲ್ಲಿದೆ ಅಂತ ಬೆರಳಿಟ್ಟು ತೋರಿಸಿ ಅಂತೀನಿ. ಬೆರಳು ಎಲ್ಲೂ ನಿಲ್ಲದಿದ್ದರೆ ಆ ಉತ್ತರ ಬಿಡಿ.

ಗಣಿತದ ಬಗ್ಗೆ ಹೆಚ್ಚು ಹೇಳಲ್ಲ. 10ರಿಂದ 14 ಪ್ರಶ್ನೆ, ಹತ್ತನೇ ತರಗತಿ ಮಟ್ಟ, ಶೇಕಡಾ, ಅನುಪಾತ, ಸರಾಸರಿ. ರೈಸ್ ಮಿಲ್ಲಿನ ಊರಿನವರಿಗೆ ಶೇಕಡಾ ಕಲಿಸಬೇಕಾ? ಸರ್ಕಾರದ ಲೆಕ್ಕದಲ್ಲಿ ಕ್ವಿಂಟಾಲ್ ಭತ್ತಕ್ಕೆ 67 ಕೆ.ಜಿ. ಅಕ್ಕಿ. ಇಷ್ಟು ಚೀಲ ಭತ್ತಕ್ಕೆ ಎಷ್ಟು ಅಕ್ಕಿ, ತೌಡು ನುಚ್ಚು ಎಷ್ಟು ಅಂತ ನಮ್ಮ ಒಬ್ಬಳು ಹುಡುಗಿ ಪೆನ್ನು ಮುಟ್ಟದೆ ಹೇಳ್ತಾಳೆ. ಅವಳಪ್ಪ ಮಿಲ್ಲಿನಲ್ಲಿ ಹಮಾಲಿ.

ಆ ಹುಡುಗಿ ವಿಷಯ ಹೇಳಲೇಬೇಕು. ಹೆಸರು ಬೇಡ. 2024ರ ಡಿಸೆಂಬರ್ 1ರಂದು ಪರೀಕ್ಷೆ ಬರೆದಳು, ಆಗ ಸೆಕೆಂಡ್ ಪಿಯುಸಿಯಲ್ಲಿದ್ದಳು. ಡಿಸೆಂಬರ್ 7ಕ್ಕೆ ಫಲಿತಾಂಶ ಬಂತು. ಆಮೇಲೆ ನಡೆದದ್ದು ನಿಮಗೆ ಗೊತ್ತಿರಬಹುದು. ಕೆಲವು ಪ್ರಶ್ನೆಗಳ ಉತ್ತರವೇ ತಪ್ಪು ಅಂತ 17 ವರ್ಷದ ಒಬ್ಬ ಅಭ್ಯರ್ಥಿ ದೆಹಲಿ ಹೈಕೋರ್ಟ್‌ಗೆ ಹೋದ. ಡಿಸೆಂಬರ್ 20ರಂದು ನ್ಯಾಯಮೂರ್ತಿ ಜ್ಯೋತಿ ಸಿಂಗ್ ಅವರು ಎರಡು ಉತ್ತರ ತಪ್ಪು, ಫಲಿತಾಂಶ ತಿದ್ದಿ ಅಂದರು. ಬೇರೆ ಬೇರೆ ರಾಜ್ಯಗಳ ಹೈಕೋರ್ಟ್‌ಗಳಲ್ಲೂ ಅರ್ಜಿ ಬಿದ್ದವು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎಲ್ಲವನ್ನೂ ದೆಹಲಿ ಹೈಕೋರ್ಟ್‌ಗೆ ಒಟ್ಟುಗೂಡಿಸಿತು. ಏಪ್ರಿಲ್ 23ಕ್ಕೆ ವಿಭಾಗೀಯ ಪೀಠದ ತೀರ್ಪು, ಏಪ್ರಿಲ್ 30ಕ್ಕೆ ಸುಪ್ರೀಂ ಕೋರ್ಟ್ ತಡೆ, ಕೊನೆಗೆ 2025ರ ಮೇ 7ಕ್ಕೆ ಸುಪ್ರೀಂ ಕೋರ್ಟ್ ಅಂತಿಮವಾಗಿ ಹೇಳಿತು. ಪ್ರಶ್ನೆಗಳನ್ನ ಇಷ್ಟು ಹಗುರವಾಗಿ ಸಿದ್ಧಪಡಿಸಿದ್ದಕ್ಕೆ ನ್ಯಾಯಮೂರ್ತಿ ಗವಾಯಿ ಅವರ ಪೀಠ ಬೇಸರವನ್ನೂ ದಾಖಲಿಸಿತು. ಐದು ತಿಂಗಳು ರ್‍ಯಾಂಕ್ ಯಾವುದು ಅಂತ ಯಾರಿಗೂ ಗೊತ್ತಿಲ್ಲ.

ಓದುವ ಮಕ್ಕಳಿಗೆ ಈ ಕೇಸು ಒಳ್ಳೇ ಪಾಠ. ನಿಮ್ಮ ವಯಸ್ಸಿನ ಹುಡುಗ, ಪ್ರಶ್ನೆಪತ್ರಿಕೆಯನ್ನ ಸರಿಯಾಗಿ ಓದಿ, ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ ಗೆದ್ದ. ಆದರೆ ಸಿರುಗುಪ್ಪದಲ್ಲಿ ಅದು ಬೇರೆ ಥರ ಕಾಣಿಸ್ತು. ಹುಡುಗಿಯ ಅಪ್ಪ ಫೆಬ್ರವರಿಯಲ್ಲಿ ಒಂದು ಸಂಜೆ ನನ್ನ ಆಫೀಸಿಗೆ ಬಂದರು. ಮೈಮೇಲೆ ಇನ್ನೂ ತೌಡಿನ ಧೂಳಿತ್ತು. ಕುರ್ಚಿ ಮೇಲೆ ಕೂತ್ಕೊಳ್ಳಲಿಲ್ಲ.

"ಮೇಡಂ, ನೀವು ಕೋರ್ಟ್‌ನ್ಯಾಗ ಇರೋರು. ಆ ದೆಲ್ಲಿ ಕೇಸು ಯಾವಾಗ ಮುಗೀತೈತಿ?"

"ಗೊತ್ತಿಲ್ಲ ಅಣ್ಣಾ. ಕೂತ್ಕೊಳ್ರಿ."

"ನಮ್ ಅಕ್ಕನ ಮನ್ಯಾಗಿಂದ ಕೇಳಾಕತ್ಯಾರ, ಹುಡುಗಿ ಪಿಯುಸಿ ಮುಗೀತೈತಲ್ಲ ಅಂತ. ಕೇಸ್ ಮುಗಿಯಾತನಕ ತಡೀರಿ ಅಂದ್ರ ಅವ್ರು ನಗ್ತಾರ್ರೀ."

ಏನು ಕೇಳ್ತಿದ್ದಾರೆ ಅಂತ ನಿಮಗೆ ಅರ್ಥ ಆಗಿರಬೇಕು. ನಾನು ಉಪದೇಶ ಮಾಡಲಿಲ್ಲ. ಒಂದು ಕಾಗದದ ಮೇಲೆ ಎರಡು ದಾರಿ ಬರೆದು ಓದಿ ಹೇಳಿದೆ. ರ್‍ಯಾಂಕ್ ಬಂದರೆ ಒಂದು. ಬರದಿದ್ದರೆ ಬಳ್ಳಾರಿಯಲ್ಲಿ ಕಾನೂನು ಕಾಲೇಜು, ಮನೆಯಿಂದಲೇ ಬಸ್ಸು. ಎರಡರಲ್ಲೂ ಐದು ವರ್ಷ, ಎರಡರ ಕೊನೆಗೂ ಕರೀ ಕೋಟು. ಅವರು ಕಾಗದ ಮಡಚಿ ಜೇಬಿಗೆ ಹಾಕ್ಕೊಂಡರು, ಆಯ್ತು ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ಈ ಎರಡನೇ ದಾರಿ ಬಗ್ಗೆ ಯಾವ ಕೋಚಿಂಗ್ ವಿಡಿಯೊದವರೂ ಹೇಳಲ್ಲ, ಹಾಗಾಗಿ ನಾನು ಹೇಳ್ತೀನಿ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಶುರುವಾಯಿತು. ಅದರ ಕೆಳಗೆ ರಾಜ್ಯದ ತುಂಬ ಕಾಲೇಜುಗಳಿವೆ, ಬಳ್ಳಾರಿಯ ವುಂಕಿ ಸಣ್ಣರುದ್ರಪ್ಪ ಕಾನೂನು ಕಾಲೇಜು ಕೂಡ. ಅಂಥ ಕಾಲೇಜಿಗೆ ಕ್ಲಾಟ್ ಬೇಕಿಲ್ಲ. ಪರೀಕ್ಷೆಯನ್ನ ಕನ್ನಡದಲ್ಲೂ ಬರೆಯಬಹುದು. ಧಾರವಾಡದ ಹೈಕೋರ್ಟ್ ಪೀಠದಲ್ಲಿ, ನಮ್ಮ ಬಳ್ಳಾರಿ ಅದರ ವ್ಯಾಪ್ತಿಗೇ ಬರೋದು, ಅಲ್ಲಿ ನಿಂತು ವಾದ ಮಾಡೋರಲ್ಲಿ ಎಷ್ಟೋ ಜನ ಇಂಥ ಕಾಲೇಜುಗಳಿಂದ ಬಂದವರು. ಕ್ಲಾಟ್ ಆಗದಿದ್ದರೆ ವಕೀಲರೇ ಆಗೋಕಾಗಲ್ಲ ಅನ್ನೋದು ಶುದ್ಧ ಸುಳ್ಳು. ಹಾಗಂತ ಎರಡೂ ಒಂದೇ ಅಂತಲೂ ನಾನು ಹೇಳಲ್ಲ. ಅಲ್ಲಿಯ ಗ್ರಂಥಾಲಯ, ಅಲ್ಲಿ ಸಿಗೋ ಸ್ನೇಹಿತರು, ಇಂಟರ್ನ್‌ಶಿಪ್ಪು, ದೊಡ್ಡ ಸಂಸ್ಥೆಗಳ ಕೆಲಸ, ಇವುಗಳಲ್ಲಿ ವ್ಯತ್ಯಾಸ ಇದೆ, ಅದಕ್ಕೇ ಬರೆಯಿರಿ ಅಂತಿರೋದು.

ಬರೆಯೋರು ಕಾಗದಪತ್ರ ಮೊದಲೇ ನೋಡ್ಕೊಳ್ಳಿ. ಬೆಂಗಳೂರಿನ ಲಾ ಸ್ಕೂಲ್‌ನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಮೀಸಲಾತಿ ಇದೆ. ಇದಕ್ಕೂ ಒಂದು ಕಥೆ ಇದೆ. 2020ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ತಿದ್ದಿ ಇದನ್ನ ತಂದಿತು, ಅದೇ ವರ್ಷ ಸೆಪ್ಟೆಂಬರ್ 29ಕ್ಕೆ ಹೈಕೋರ್ಟ್ ಆ ತಿದ್ದುಪಡಿ ರದ್ದು ಮಾಡಿತು. ಮರುವರ್ಷ ಲಾ ಸ್ಕೂಲೇ ತನ್ನ ನಿರ್ಧಾರದಿಂದ ಜಾರಿಗೆ ತಂದಿತು. ಷರತ್ತು ಏನಂದ್ರೆ ಕರ್ನಾಟಕದ ಶಾಲಾ ಕಾಲೇಜಿನಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ಮನೆ ಎಲ್ಲಿದೆ ಅನ್ನೋದು ಲೆಕ್ಕಕ್ಕಿಲ್ಲ, ಎಲ್ಲಿ ಓದಿದಿರಿ ಅನ್ನೋದು ಲೆಕ್ಕ. ಗಡಿ ಹಳ್ಳಿಯವರು ಇದನ್ನ ಗಮನಿಸಿ. ಆದೋನಿ, ಕರ್ನೂಲು ಕಡೆ ಹಾಸ್ಟೆಲ್‌ನಲ್ಲಿ ಕೆಲವು ವರ್ಷ ಓದಿದ್ದರೆ ವರ್ಷ ಎಣಿಸಿ ನೋಡಿ. 1953ರವರೆಗೆ ಆದೋನಿ, ಸಿರುಗುಪ್ಪ ಎರಡೂ ಒಂದೇ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಆ ಅಕ್ಟೋಬರ್ 1ಕ್ಕೆ ಅದು ಆಂಧ್ರಕ್ಕೆ ಹೋಯಿತು, ನಾವು ಮೈಸೂರಿಗೆ ಬಂದೆವು. ಆ ಗೆರೆ ಇವತ್ತು ನಿಮ್ಮ ಶಾಲಾ ಪ್ರಮಾಣಪತ್ರದ ಮೇಲೂ ಹಾದುಹೋಗುತ್ತೆ. ಇನ್ನು ನಮ್ಮ 371ಜೆ ಸರ್ಟಿಫಿಕೇಟು ಸಿಇಟಿಗೆ ಬೇಕಾಗುತ್ತೆ, ಈ 10 ವರ್ಷದ ಓದಿನ ಪ್ರಮಾಣಪತ್ರ ಅದಲ್ಲ, ಇದು ಬೇರೆ. ಎರಡನ್ನೂ ಕಲಸಬೇಡಿ.

ದುಡ್ಡು. ಅರ್ಜಿ ಶುಲ್ಕವೇ 4,000 ರೂಪಾಯಿ, ಪರಿಶಿಷ್ಟರಿಗೆ ಮತ್ತು ಬಿಪಿಎಲ್‌ನವರಿಗೆ 3,500. ಸೀಟು ಸಿಗೋ ಹಂತಕ್ಕೆ ಬಂದರೆ ಕೌನ್ಸೆಲಿಂಗ್‌ಗೆ ಹತ್ತಾರು ಸಾವಿರ ಕಟ್ಟಬೇಕು, ವರ್ಷದ ಶುಲ್ಕ ಲಕ್ಷಗಳಲ್ಲಿ. ಸಾಲ, ವಿದ್ಯಾರ್ಥಿವೇತನ, ಸಂಸ್ಥೆಯ ನೆರವು ಇವೆ, ಆದರೆ ಕೇಳಿದವರಿಗೆ ಸಿಗೋದು. ಬಡ ಮಕ್ಕಳನ್ನ ಈ ಪರೀಕ್ಷೆಗೆ ತಯಾರು ಮಾಡೋಕೆ ಪ್ರೊಫೆಸರ್ ಶಮ್ನಾದ್ ಬಶೀರ್ 2010ರಲ್ಲಿ ಇಡಿಯಾ ಅನ್ನೋ ಸಂಸ್ಥೆ ಕಟ್ಟಿದರು. 2019ರಲ್ಲಿ ಅವರು ತೀರಿಕೊಂಡರು, ಸಂಸ್ಥೆ ಮುಂದುವರಿದಿದೆ. ಅವರಿಗೆ ಬರೆದು ನೋಡಿ. ಓದೋಕೆ ಮಾತ್ರ ದುಡ್ಡು ಸುರಿಯಬೇಕಿಲ್ಲ. ಹಿಂದಿನ ಪ್ರಶ್ನೆಪತ್ರಿಕೆಗಳು ಕ್ಲಾಟ್‌ನ ಜಾಲತಾಣದಲ್ಲೇ ಸಿಗ್ತವೆ. 2020ರಿಂದ ಈಚಿನವು ಸಾಕು. ಸುಪ್ರೀಂ ಕೋರ್ಟ್ ತನ್ನ ಅನೇಕ ತೀರ್ಪುಗಳ ಕನ್ನಡ ಅನುವಾದವನ್ನ ಜಾಲತಾಣದಲ್ಲಿ ಹಾಕ್ತಿದೆ. ಡ್ಯಾಮಿನ ಸುದ್ದಿಗೆ ಮಾಡಿದ ಹಾಗೇ, ಕನ್ನಡ ಒಂದು ಕಡೆ, ಇಂಗ್ಲಿಷ್ ಒಂದು ಕಡೆ ಇಟ್ಟುಕೊಂಡು ಎರಡೆರಡು ಪುಟ ಓದಿ. ಅನುವಾದದ ಕನ್ನಡ ಕೆಲವು ಸಲ ಇಂಗ್ಲಿಷಿಗಿಂತ ಕಷ್ಟ, ಅದಕ್ಕೆ ಹೆದರಬೇಡಿ, ನಗಾಡ್ಕೊಂಡು ಓದಿ.

ಆ ಹುಡುಗಿಗೆ ಮೇ ತಿಂಗಳಲ್ಲಿ ರ್‍ಯಾಂಕ್ ಬಂತು, ಬೆಂಗಳೂರಿಗೆ ಸಾಲಲಿಲ್ಲ. ದೂರದ ರಾಜ್ಯದಲ್ಲಿ ಸಿಗೋ ಅಂದಾಜಿತ್ತು, ಅಪ್ಪ ಅಷ್ಟು ದೂರ ಬೇಡ ಅಂದರು. ಈಗ ಬಳ್ಳಾರಿಯಲ್ಲಿ ಮೊದಲ ವರ್ಷದ ಬಿಎ ಎಲ್‌ಎಲ್‌ಬಿ. ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಒಂದು ಪ್ಯಾಸೇಜ್, ಸಂಜೆ ವಾಪಸ್ ಬರುವಾಗ ಒಂದು. ನಿಂತ್ಕೊಂಡು ಬರೋ ದಿನ ಓದೋಕಾಗಲ್ಲ, ಅವತ್ತು ಸುದ್ದಿ ಕೇಳ್ತಾಳಂತೆ. 450 ಪದಕ್ಕೆ ಮೊದಲು ಆರು ನಿಮಿಷ ತಗೋತಿದ್ದಳು, ಈಗ ಮೂರೂವರೆ. 2025ರ ಡಿಸೆಂಬರ್ 7ರ ಪರೀಕ್ಷೆಯನ್ನ ಮತ್ತೆ ಬರೆಯೋಕೆ ಹೊರಟಳು. ಅರ್ಜಿ ತುಂಬೋ ದಿನ ನನ್ನ ಆಫೀಸಿಗೇ ಬಂದಿದ್ದಳು. ಶುಲ್ಕ ನಾನು ಕಟ್ಟಲಾ ಅಂತ ಕೇಳಿದೆ. ಬೇಡ ಅಕ್ಕಾ ಅಂದು ಬ್ಯಾಗಿನಿಂದ ನೋಟು ತೆಗೆದಳು. ಐನೂರರ ನೋಟು ಏಳು. ಅಪ್ಪ ಕೊಟ್ಟಿದ್ದು.